ಮನೆಯಿಲ್ಲದವರ ಲೆಕ್ಕ

ಅಮೆರಿಕ ಮತ್ತು ಇಂಗ್ಲೆಂಡುಗಳ ಹೈಸ್ಕೂಲು ಮಕ್ಕಳ ಮುಂದೆ 2024ರಲ್ಲಿ ಒಂದು ಲೆಕ್ಕವನ್ನು ಇಟ್ಟರು. ಸಿಯಾಟಲ್, ಆಲ್ಬುಕರ್ಕಿ, ಮ್ಯಾಂಚೆಸ್ಟರ್, ಬ್ರೈಟನ್ ನಗರಗಳ ಅಂಕಿ ಅಂಶಗಳನ್ನು ಕೈಗಿತ್ತು, ಇನ್ನು 10, 20, 50 ವರ್ಷಗಳಲ್ಲಿ ಅಲ್ಲಿ ಮನೆಗಳೆಷ್ಟಿರುತ್ತವೆ, ಮನೆಯಿಲ್ಲದವರೆಷ್ಟಿರುತ್ತಾರೆ, ಅವರಿಗೆ ನೆಲೆ ಕಲ್ಪಿಸಲು ನಗರವು ಯಾವ ಯೋಜನೆ ಹಾಕಿಕೊಳ್ಳಬೇಕು, ಹೇಳಿ ಎಂದರು. ಮೂವರಿಂದ ಐವರ ತಂಡ. ಒಂದೇ ಸಮನೆ 14 ಗಂಟೆಯ ಅವಧಿ. ಮೇಷ್ಟರು ತುಟಿ ಬಿಚ್ಚುವಂತಿಲ್ಲ. ಎಂ-ತ್ರೀ ಚಾಲೆಂಜ್ ಎಂಬ ಈ ಸ್ಪರ್ಧೆಯನ್ನು ಫಿಲಡೆಲ್ಫಿಯಾದ ಸಿಯಾಮ್ ಎಂಬ ಗಣಿತಜ್ಞರ ಸಂಘ 2006ರಿಂದ ನಡೆಸುತ್ತ ಬಂದಿದೆ. ದತ್ತಾಂಶ ವಿಜ್ಞಾನವೆಂದು ಈಗ ಎಲ್ಲರ ಬಾಯಲ್ಲಿರುವ ವಿದ್ಯೆಯನ್ನು ಸಮಾಜದ ಕಷ್ಟಗಳತ್ತ ತಿರುಗಿಸುವ ಪ್ರಯತ್ನವಿದು. 2018ರಲ್ಲಿ ಪೋಲಾಗುವ ಅನ್ನದ ಪ್ರಶ್ನೆ ಕೇಳಿದ್ದರು. 2025ರಲ್ಲಿ ಬಿಸಿಗಾಳಿಗೆ ಬೇಯುವ ನಗರಗಳದ್ದು.

ಇದು ಒಳ್ಳೆಯ ಕೆಲಸವೆಂದು ಮೊದಲೇ ಹೇಳಿಬಿಡುತ್ತೇವೆ. ನಾವು ಕಲಿತ ಗಣಿತದಲ್ಲಿ ಎರಡು ನಲ್ಲಿಗಳು ತೊಟ್ಟಿಯನ್ನು ತುಂಬುತ್ತಿದ್ದುವು, ಮೂರನೆಯದು ಖಾಲಿ ಮಾಡುತ್ತಿತ್ತು. ಆ ತೊಟ್ಟಿ ಯಾರದು, ನೀರು ಯಾರ ಮನೆಗೆ ಎಂದು ಯಾರೂ ಕೇಳಲಿಲ್ಲ. ಚಕ್ರಬಡ್ಡಿಯ ಲೆಕ್ಕವೆಲ್ಲ ಸಾಹುಕಾರನಿಗೆ ಬರಬೇಕಾದದ್ದು ಎಷ್ಟು ಎಂಬಲ್ಲಿಗೆ ಮುಗಿಯುತ್ತಿತ್ತು. ಕೊಟ್ಟವನ ಮನೆಯಲ್ಲಿ ಏನುಳಿಯಿತು ಎಂಬುದು ಪರೀಕ್ಷೆಯ ಪ್ರಶ್ನೆಯಾದುದನ್ನು ನಾವು ಕಾಣೆವು. ಹದಿನೇಳು ವರ್ಷದ ಹುಡುಗಿಯೊಬ್ಬಳು ರಜಾದಿನದಲ್ಲಿ ಕುಳಿತು ಪರರ ಸೂರಿನ ಚಿಂತೆ ಮಾಡುವುದು ಸಣ್ಣ ಮಾತಲ್ಲ.

ಆದರೆ ಲೆಕ್ಕಕ್ಕೆ ಮೊದಲು ಎಣಿಕೆ. ಎಣಿಸಿದವರು ಯಾರು, ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು? ಅಮೆರಿಕದ ವಸತಿ ಇಲಾಖೆಯ ಪದ್ಧತಿ ನೋಡಿ. ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿಯನ್ನು ಗೊತ್ತುಮಾಡಿ, ಆಶ್ರಯ ಕೇಂದ್ರಗಳಲ್ಲಿ, ಸೇತುವೆಯ ಕೆಳಗೆ, ಬೀದಿಯ ಬದಿಯಲ್ಲಿ ಮಲಗಿದವರನ್ನು ಎಣಿಸುತ್ತಾರೆ. 2023ರಲ್ಲಿ ಸಿಕ್ಕ ಮೊತ್ತ 6,53,104. ಮರುವರ್ಷ ಅದು 7,71,480ಕ್ಕೆ ಏರಿತು. ಬಾಡಿಗೆ ಕಟ್ಟಲಾರದೆ ಮನೆ ಬಿಟ್ಟು, ಅಕ್ಕನ ಮನೆಯ ಪಡಸಾಲೆಯಲ್ಲೋ ಗೆಳೆಯನ ಮನೆಯ ಮೂಲೆಯಲ್ಲೋ ಹೆಂಡತಿ ಮಕ್ಕಳೊಡನೆ ಮೈಮುದುರಿ ಮಲಗಿದವನು ಈ ಎಣಿಕೆಗೆ ಬರುವುದಿಲ್ಲ. ಅವನ ತಲೆಯ ಮೇಲೆ ಸೂರಿದೆಯಲ್ಲ!

ಅದೇ ದೇಶದ ವಿದ್ಯಾ ಇಲಾಖೆಯ ಕಾಯಿದೆ ಬೇರೆ. ಹಾಗೆ ಪರರ ಮನೆಯಲ್ಲಿ ಕಾಲ ತಳ್ಳುವ ಮಗುವೂ ಅದರ ದೃಷ್ಟಿಯಲ್ಲಿ ಮನೆಯಿಲ್ಲದ ಮಗುವೇ. ಆ ಇಲಾಖೆ 2022-23ರ ಶಾಲಾ ವರ್ಷದಲ್ಲಿ ಗುರುತಿಸಿದ ಇಂಥ ವಿದ್ಯಾರ್ಥಿಗಳು 13 ಲಕ್ಷಕ್ಕೂ ಮಿಗಿಲು; ಅವರಲ್ಲಿ ಮುಕ್ಕಾಲು ಪಾಲು ಇತರರ ಮನೆಗಳಲ್ಲಿ ಸೇರಿಕೊಂಡವರು. ಒಂದು ರಾತ್ರಿಯ ಎಣಿಕೆಗೂ ಒಂದು ವರ್ಷದ ಎಣಿಕೆಗೂ ಅಂತರವಿರುತ್ತದೆ, ಒಪ್ಪೋಣ. ಆದರೂ ಒಂದು ಇಲಾಖೆಯ ಪ್ರಕಾರ ಇಡೀ ದೇಶದಲ್ಲಿ ಮನೆಯಿಲ್ಲದವರು ಎಷ್ಟೋ, ಇನ್ನೊಂದರ ಪ್ರಕಾರ ಶಾಲೆಯ ಮಕ್ಕಳೇ ಅದರ ಎರಡರಷ್ಟು!

ಇಂಗ್ಲೆಂಡೇನೂ ಮೇಲಲ್ಲ. ಅಲ್ಲಿ 2024ರ ಶರತ್ಕಾಲದ ಒಂದು ರಾತ್ರಿ ಬಯಲಲ್ಲಿ ಮಲಗಿದವರು 4,667 ಮಂದಿ ಎಂದರು. ತಾತ್ಕಾಲಿಕ ಬಿಡಾರಗಳಲ್ಲಿ ದಿನ ದೂಡುತ್ತಿದ್ದ ಕುಟುಂಬಗಳು ಆಗ 1 ಲಕ್ಷವನ್ನು ಮೀರಿದ್ದವು. ಮೊದಲ ಚುಕ್ಕೆಯನ್ನು ಎಲ್ಲಿಡಬೇಕೆಂಬುದೇ ತೀರ್ಮಾನವಾಗದೆ ಐವತ್ತು ವರ್ಷಕ್ಕೆ ಗೆರೆ ಎಳೆದರೆ ಆ ಗೆರೆ ಎಲ್ಲಿಗೆ ಹೋಗಿ ಮುಟ್ಟೀತು? ಯಾವ ಎಣಿಕೆಯನ್ನು ನಂಬಬೇಕು ಎಂಬುದು ಗಣಿತದ ಪ್ರಶ್ನೆಯಲ್ಲ. ಅದು ರಾಜಕೀಯದ ಪ್ರಶ್ನೆ. ಕಡಮೆ ಎಣಿಸಿದರೆ ಕಡಮೆ ಕಟ್ಟಿದರೆ ಸಾಕು.

ಇನ್ನೊಂದು ಮಾತು. 2021ರಲ್ಲಿ ಇದೇ ಸ್ಪರ್ಧೆ ಇಂಟರ್‌ನೆಟ್ ಇಲ್ಲದವರ ಪ್ರಶ್ನೆಯನ್ನು ಎತ್ತಿಕೊಂಡಿತು. ಕೋವಿಡ್ಡಿನಿಂದ ಶಾಲೆಗಳು ಮುಚ್ಚಿ ಪಾಠವೆಲ್ಲ ತಂತಿಯ ಮೇಲೆ ನಡೆದ ಕಾಲ, ಪ್ರಶ್ನೆ ಸಮಯೋಚಿತವೇ. ಆದರೆ ಪ್ರಶ್ನೆಪತ್ರಿಕೆ ಬಂದುದು ಇಂಟರ್‌ನೆಟ್ಟಿನಲ್ಲಿ, ಉತ್ತರ ಹೋಗಬೇಕಾದುದೂ ಅದರಲ್ಲೇ. ಯಾರ ಕಷ್ಟ ಪ್ರಶ್ನೆಯಾಯಿತೋ ಅವರೇ ಬಾಗಿಲಾಚೆ. ಪ್ರವೇಶ ಶುಲ್ಕ ಇಲ್ಲವೆಂಬುದು ನಿಜ, ಸ್ತುತ್ಯ. ಆದರೆ ಲ್ಯಾಪ್‌ಟಾಪು, 14 ಗಂಟೆ ಗದ್ದಲವಿಲ್ಲದ ಒಂದು ಕೋಣೆ, ಶನಿವಾರ ಭಾನುವಾರ ಹೋಟೆಲಿನಲ್ಲಿ ದುಡಿಯಬೇಕಾಗಿಲ್ಲದ ಸ್ಥಿತಿ, ಇವೇ ನಿಜವಾದ ಶುಲ್ಕ. ಆ 13 ಲಕ್ಷ ಮಕ್ಕಳಲ್ಲಿ ಎಷ್ಟು ಮಂದಿ ಇದನ್ನು ತೆತ್ತಾರು? ಗೆದ್ದವರಿಗೆ ಕೊಡುವ ಬಹುಮಾನವೂ ಕಾಲೇಜು ಓದಿಗೆ ವಿದ್ಯಾರ್ಥಿವೇತನ. ಆ ದೇಶದಲ್ಲಿ ಕಾಲೇಜಿನ ಫೀಜು ಕಟ್ಟಲು ಮನೆಸಾಲದಷ್ಟೇ ದೊಡ್ಡ ಸಾಲ ಮಾಡುವವರಿದ್ದಾರೆ; ಅದನ್ನೂ ಒಂದು ವರ್ಷ ಪ್ರಶ್ನೆಯಾಗಿ ಕೊಡಬಹುದು.

ಹಣ ಯಾರದು ಎಂಬುದನ್ನೂ ಓದುಗರು ತಿಳಿದಿರಲಿ. 2017ರವರೆಗೆ ಇದರ ಪೋಷಕರು ಮೂಡೀಸ್ ಪ್ರತಿಷ್ಠಾನದವರು. ಮೂಡೀಸ್ ಎಂದರೆ ಸಾಲಪತ್ರಗಳಿಗೆ ದರ್ಜೆ ಕಟ್ಟುವ ಕಂಪನಿ. 2008ರ ಕುಸಿತಕ್ಕೆ ಮುಂಚೆ ಮನೆಸಾಲದ ಪತ್ರಗಳಿಗೆ ಅದು ಕೊಟ್ಟ ದರ್ಜೆಗಳ ಬಗ್ಗೆ ಅಮೆರಿಕದ ನ್ಯಾಯ ಇಲಾಖೆಯೂ 21 ರಾಜ್ಯಗಳೂ ಬೆನ್ನು ಹತ್ತಿದುವು. 2017ರ ಜನವರಿಯಲ್ಲಿ ಸುಮಾರು 86.4 ಕೋಟಿ ಡಾಲರು ಕೊಡಲು ಒಪ್ಪಿ ಕಂಪನಿ ರಾಜಿ ಮಾಡಿಕೊಂಡಿತು. ಆ ಕುಸಿತದಲ್ಲಿ ಮನೆ ಕಳೆದುಕೊಂಡ ಸಂಸಾರಗಳು ಲಕ್ಷಗಟ್ಟಲೆ. 2018ರಲ್ಲಿ ಪೋಷಕರ ಜಾಗಕ್ಕೆ ಮ್ಯಾಥ್‌ವರ್ಕ್ಸ್ ಎಂಬ ಕಂಪನಿ ಬಂದಿತು. ಲೆಕ್ಕ ಮಾಡುವ ತಂತ್ರಾಂಶವನ್ನು ಮಾರುವುದು ಅದರ ವ್ಯಾಪಾರ. ಮಕ್ಕಳ ಮೇಲೆ ಇದರ ದೋಷ ಹೊರಿಸಲಾಗದು, ಗಣಿತಜ್ಞರ ಮೇಲೂ ಅಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ಬಂಡವಾಳಗಾರರ ದಾನಕ್ಕೆ ಬಿಟ್ಟರೆ ಹೀಗಾಗುತ್ತದೆ.

ಆದುದರಿಂದ ಸ್ಪರ್ಧೆ ಬೇಡವೆಂದು ನಾವು ಹೇಳುವುದಿಲ್ಲ. ಇಂಥದು ಪ್ರತಿ ಸರ್ಕಾರಿ ಶಾಲೆಯ ಪಾಠದಲ್ಲೇ ಇರಲಿ, ಸಾರ್ವಜನಿಕ ಖರ್ಚಿನಲ್ಲಿ. ಅಂಕಿಯ ಹಾಳೆಯನ್ನು ಕೈಗಿಡುವುದಕ್ಕೆ ಮುಂಚೆ ಮಕ್ಕಳನ್ನು ಜನವರಿಯ ಆ ರಾತ್ರಿ ಎಣಿಸಲು ಕರೆದುಕೊಂಡು ಹೋಗಲಿ. ಅಕ್ಕನ ಮನೆಯ ಪಡಸಾಲೆಯಲ್ಲಿ ಮಲಗಿದವನನ್ನೂ ಅವರು ಬರೆದುಕೊಳ್ಳಲಿ. ಮತ್ತೆ ಆ ಮೂರನೆಯ ಪ್ರಶ್ನೆ, ಮನೆಯಿಲ್ಲದವರಿಗೆ ನಗರವು ಏನು ಮಾಡಬೇಕೆಂಬುದು. ಮಕ್ಕಳು ಕೊಟ್ಟ ಉತ್ತರಕ್ಕೆ ಸಿಯಾಟಲ್ ನಗರಸಭೆಯಾಗಲಿ ಮ್ಯಾಂಚೆಸ್ಟರಿನದಾಗಲಿ ಜವಾಬು ಹೇಳಬೇಕೆಂಬ ಕಟ್ಟು ಸ್ಪರ್ಧೆಯ ನಿಯಮದಲ್ಲಿಲ್ಲ. ಆ ನಗರಗಳ ಸದಸ್ಯರನ್ನು ಆಯವ್ಯಯದ ಪುಸ್ತಕದೊಡನೆ ಈ ಮಕ್ಕಳ ಮುಂದೆ ಕೂರಿಸಲಿ. ಅವರಿಗೂ 14 ಗಂಟೆ ಕಾಲಾವಕಾಶ ಕೊಡಬಹುದು.