ಎಷ್ಟು ದೂರ, ಎಷ್ಟು ಹೊತ್ತು?

ನಮ್ಮ ಹಿರಿಯರು ದೂರವನ್ನು ಅಳೆಯುತ್ತಿದ್ದ ಬಗೆಯೇ ಬೇರೆ. ಕೂಗಳತೆಯೆಂದರೆ ಮನುಷ್ಯನ ದನಿ ಮುಟ್ಟುವಷ್ಟು ದೂರ. ಹರಿದಾರಿಯೆಂದರೆ ಸುಮಾರು ಮೂರು ಮೈಲಿ; ಅಂಥವು ನಾಲ್ಕು ಸೇರಿದರೆ ಒಂದು ಗಾವುದ. ಆದರೆ ಪಯಣಿಗನಿಗೆ ಅವರು ಹೇಳುತ್ತಿದ್ದುದು ಗಾವುದದ ಲೆಕ್ಕವನ್ನಲ್ಲ. ‘ಹೊತ್ತು ಮುಳುಗುವುದರೊಳಗೆ ಗುಬ್ಬಿ ಸೇರಬಹುದು’ ಎನ್ನುತ್ತಿದ್ದರು. ದಾರಿಯ ಹಳ್ಳ, ಏರು, ಎತ್ತುಗಳ ಕಸುವು ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುತ್ತಿದ್ದವು. ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟು ನಿರ್ಣಯಿಸುವವರಲ್ಲಿ ಈ ವಿವೇಕ ಕಾಣುವುದಿಲ್ಲ.

ಬೆಂಗಳೂರಿನ ಎರಡನೆಯ ವಿಮಾನನಿಲ್ದಾಣದ ಚರ್ಚೆಯನ್ನೇ ತೆಗೆದುಕೊಳ್ಳೋಣ. ದೇವನಹಳ್ಳಿಯ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. ಅದರೊಡನೆ ಆದ ಕರಾರು 150 ಕಿಲೋಮೀಟರಿನ ಒಂದು ಗೆರೆಯನ್ನೆಳೆದು, 2033ರವರೆಗೆ ಅದರೊಳಗೆ ಪ್ರತಿಸ್ಪರ್ಧಿ ಬರದಂತೆ ಕಾವಲಿರಿಸಿದೆ. 2025ರಲ್ಲಿ ಕೇಂದ್ರದ ವಿಮಾನ ನಿಲ್ದಾಣಗಳ ಪ್ರಾಧಿಕಾರದವರು ಬಂದು ಮೂರು ಸ್ಥಳಗಳನ್ನು ನೋಡಿದರು. ಎರಡು ಕನಕಪುರ ರಸ್ತೆಯ ಕಡೆ, ಮತ್ತೊಂದು ನೆಲಮಂಗಲದಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿ. ಶಿರಾದ ಕಡೆಗೇ ಬರಲೆಂದು ನಮ್ಮ ಜಿಲ್ಲೆಯವರೂ ಕೇಳಿದ್ದುಂಟು. ಇಷ್ಟೆಲ್ಲ ವಾದದ ನಡುವೆ, ಒಂದು ನಿಲ್ದಾಣದಲ್ಲಿ ಇಳಿದವನು ಇನ್ನೊಂದರಲ್ಲಿ ವಿಮಾನ ಹತ್ತಬೇಕಾದರೆ ಎಷ್ಟು ಹೊತ್ತು ಬೇಕು ಎಂದು ಕೇಳಿದವರು ಅಪರೂಪ. ಆಕಾಶದಲ್ಲಿ ಕೆಲವೇ ನಿಮಿಷಗಳ ಅಂತರ. ನೆಲದ ಮೇಲೆ ಗಂಟೆಗಳು.

ಈ ಪ್ರಶ್ನೆಯನ್ನು ಕಡೆಗಣಿಸಿದವರ ಕಥೆ ಕೆನಡಾ ದೇಶದಲ್ಲಿದೆ. ಮಾಂಟ್ರಿಯಲ್ ನಗರದ ಹೊರಗೆ ಮಿರಾಬೆಲ್ ಎಂಬಲ್ಲಿ, ಅಪಾರವಾದ ಬೇಸಾಯದ ಭೂಮಿಯನ್ನು ವಶಪಡಿಸಿಕೊಂಡು, 1975ರಲ್ಲಿ ಭಾರಿ ನಿಲ್ದಾಣವನ್ನು ತೆರೆದರು. ಪರದೇಶದ ವಿಮಾನಗಳು ಅಲ್ಲಿಗೆ, ಸ್ವದೇಶದವು ಹಳೆಯ ಡಾರ್ವಲ್‌ಗೆ. ಎರಡನ್ನೂ ಕೂಡಿಸಬೇಕಾಗಿದ್ದ ರೈಲು ಮಾತ್ರ ಬರಲೇ ಇಲ್ಲ. ಪ್ರಯಾಣಿಕರು ಬೇಸತ್ತು ಬೇರೆ ನಗರಗಳ ದಾರಿ ಹಿಡಿದರು. 2004ರಲ್ಲಿ ಮಿರಾಬೆಲ್‌ನ ಪ್ರಯಾಣಿಕ ವಿಮಾನಗಳು ನಿಂತುಹೋದವು. ನೆಲ ಕಳೆದುಕೊಂಡ ರೈತನಿಗೆ ಯಾವ ಸಮಾಧಾನ ಹೇಳುವುದು?

ಕುಣಿಗಲ್ ರಸ್ತೆಯ ಬದಿಯ ತೆಂಗು, ರಾಗಿ ಹೊಲಗಳ ಒಡೆಯರಿಗೂ ಈ ಕಥೆ ತಿಳಿದಿರಬೇಕು. ಅವರಿಗಿಂತ ಮೊದಲು ಸರ್ಕಾರಕ್ಕೆ ತಿಳಿದಿರಬೇಕು.

ತುಮಕೂರಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಮೇಲೆ ಸುಮಾರು 80 ಕಿಲೋಮೀಟರು. ಸ್ವಂತ ಕಾರುಳ್ಳವನಿಗೆ ಇದು ದೂರವೇನಲ್ಲ. ಗುಬ್ಬಿಯ ವಿದ್ಯಾರ್ಥಿ ಬಸ್ಸಿನಿಂದ ಬಸ್ಸಿಗೆ ಹಾರುತ್ತ ಬರಬೇಕಾದರೆ ಅದೇ ದೂರ ಅರ್ಧ ದಿನವನ್ನು ನುಂಗೀತು. ವಿನೋದವೆಂದರೆ, ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹಾರುವ ಯಂತ್ರ ನಮ್ಮ ಮಗ್ಗುಲಲ್ಲೇ ಹುಟ್ಟುತ್ತದೆ. ನಾವು ಬಸ್ಸಿಗೆ ಕಾಯುತ್ತೇವೆ!

ಆದಕಾರಣ ನನ್ನ ಅಭಿಪ್ರಾಯ ಇಷ್ಟು. ಹೊಸ ನಿಲ್ದಾಣ ಕುಣಿಗಲ್ ರಸ್ತೆಗೇ ಬರುವುದಾದರೆ, ಮೊದಲ ವಿಮಾನಕ್ಕಿಂತ ಮುಂಚೆ ರೈಲು ಬರತಕ್ಕದ್ದು. ಬೆಂಗಳೂರು–ಹಾಸನ ಮಾರ್ಗ 2017ರಿಂದ ಕುಣಿಗಲ್ಲಿನ ಮೂಲಕವೇ ಹಾದುಹೋಗುತ್ತಿದೆ. ಆರಂಭಕ್ಕೆ ಅದು ಸಾಲದೆ? ದೇವನಹಳ್ಳಿಗೂ ಹೊಸ ನಿಲ್ದಾಣಕ್ಕೂ ನಡುವೆ ನಗರವನ್ನು ಹೊಗದೆ ಸಾಗುವ ಸಂಪರ್ಕವೂ ಯೋಜನೆಯೊಳಗೇ ಇರಬೇಕು. ‘ಮುಂದೆ ನೋಡೋಣ’ ಎಂಬ ಕಡತದಲ್ಲಲ್ಲ. ಬರಲಿರುವ ವರದಿಗಳಲ್ಲಿ ಕಿಲೋಮೀಟರುಗಳ ಪಕ್ಕದಲ್ಲಿ ಇನ್ನೊಂದು ಅಂಕಣವಿರಲಿ: ಗುಬ್ಬಿಯ ಬಸ್ ನಿಲ್ದಾಣದಿಂದ, ಸೋಮವಾರ ಬೆಳಗ್ಗೆ, ಎಷ್ಟು ಗಂಟೆ.