ಪಿಟೀಲಿನಾಕಾರದ ಕಟ್ಟಡ ಸಾಲದು

ಪಿಟೀಲು ಚೌಡಯ್ಯನವರ ಋಣವನ್ನು ತೀರಿಸಿಬಿಟ್ಟೆವೆಂದು ನಮ್ಮ ನಾಡು ನಂಬಿರುವಂತಿದೆ. ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನಾಕಾರದ ಸಭಾಂಗಣವೇ ಎದ್ದಿತಲ್ಲ, ಇನ್ನೇನು ಬೇಕೆಂದು ರಸಿಕ ಮಹಾಶಯರು ಕೇಳುತ್ತಾರೆ. ಬೇಕಾದುದು ಅವರ ಹಾಡು!

1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಪಳಗಿದ ಈ ವಿದ್ವಾಂಸರು, ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿನವನಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರನ್ನು ಕೂಡಿಸಿದರು. ಚೆಂಬೈಯಂಥ ಘಟಾನುಘಟಿಗಳು ಅವರ ಪಕ್ಕವಾದ್ಯವನ್ನು ಬಯಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತಿತು. ಇದೆಲ್ಲ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಆದರೆ ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಅವರು ಕೃತಿಗಳನ್ನೂ ರಚಿಸಿದರೆಂಬುದನ್ನು ಎಷ್ಟು ಮಂದಿ ಬಲ್ಲರು? ಪಕ್ಕದಲ್ಲಿ ಕುಳಿತವನು ನುಡಿಸಬಹುದು, ಕೃತಿ ಕಟ್ಟಲಾರನೆಂಬ ಹಳೆಯ ಅಸಡ್ಡೆಯಲ್ಲದೆ ಇದಕ್ಕೆ ಬೇರೆ ಕಾರಣ ನನಗೆ ತೋರದು.

‘ತ್ಯಾಗರಾಜರ ಮುಂದೆ ಅವು ನಿಲ್ಲುವುವೆ?’ ಎನ್ನುವವರುಂಟು. ಹಾಡದೆಯೇ ತೂಗುವ ಈ ತಕ್ಕಡಿ ಯಾವುದು? ಕೃತಿಯು ಕಂಠದಿಂದ ಕಂಠಕ್ಕೆ ಸಾಗಿಯೇ ಪಕ್ವವಾಗಬೇಕು. ಆ ಅವಕಾಶವನ್ನೇ ಕೊಡದೆ ತೀರ್ಪು ಹೇಳುವುದು ನ್ಯಾಯವಲ್ಲ.

ನಮ್ಮ ಆಂಡರ್ಸನ್‌ಪೇಟೆಯವರಿಗೆ ಇದು ಬೇಗ ಅರ್ಥವಾದೀತು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಪಾಲಿಗೆ ಸಯನೈಡ್ ದಿಬ್ಬಗಳು ಉಳಿದುವು. ಒಳಗಿನದು ಹೋಗಿ ಹೊರಗಿನದಷ್ಟೇ ಉಳಿಯುವುದೆಂದರೇನೆಂದು ನಾವು ದಿನವೂ ಕಾಣುತ್ತಿದ್ದೇವೆ. ಬೆಂಗಳೂರಿನ ಕಟ್ಟಡವಿರಲಿ, ಬೇಡವೆನ್ನೆನು. ಆದರೆ ರಾಮನವಮಿಗೆ ವಿದ್ವಾಂಸರನ್ನು ಕರೆಸುವ ಸಭೆಗಳು, ತಾಂಬೂಲ ಕೊಡುವಾಗಲೇ ‘ತ್ರಿಮಕುಟ’ದ ಒಂದು ಕೃತಿಯನ್ನು ಕೇಳಿ ಪಡೆಯಲಿ. ಮೂರು ಗಂಟೆಯ ಕಚೇರಿಯಲ್ಲಿ ಚೌಡಯ್ಯನವರಿಗೆ ಹತ್ತು ನಿಮಿಷ ಸಿಕ್ಕದೆ?