ನೆಲದಡಿಯ ನೀರಿಗೆ ಕಾಂಪೌಂಡ್ ಗೋಡೆಯಿಲ್ಲ

ನಿಮ್ಮ ಮನೆಯ ಬಾವಿಗೂ ನಿಮ್ಮ ಶೌಚಗುಂಡಿಗೂ ನಡುವೆ ಎಷ್ಟು ಅಡಿ ದೂರವಿದೆ? ಪಕ್ಕದ ಮನೆಯ ಗುಂಡಿ ನಿಮ್ಮ ಬಾವಿಯಿಂದ ಎಷ್ಟು ದೂರದಲ್ಲಿದೆ? ಮೊದಲ ಪ್ರಶ್ನೆಗೆ ಹೆಚ್ಚಿನವರು ಅಂದಾಜಿನ ಉತ್ತರ ಕೊಡಬಲ್ಲರು. ಎರಡನೆಯದಕ್ಕೆ ಉತ್ತರ ಗೊತ್ತಿರುವವರು ತೀರಾ ಕಡಿಮೆ. ಆದರೆ ಕರಾವಳಿಯ ನಮ್ಮ ಕೇರಿಗಳ ಆರೋಗ್ಯ ನಿಂತಿರುವುದು ಈ ಎರಡನೆಯ ಉತ್ತರದ ಮೇಲೆಯೇ.

ನಾವು ಮನೆಯನ್ನು ಶುಚಿಯಾಗಿಡುವವರು. ಚಪ್ಪಲಿ ಹೊರಗೆ ಬಿಡುತ್ತೇವೆ, ಅಂಗಳ ಗುಡಿಸುತ್ತೇವೆ, ಬಚ್ಚಲನ್ನು ತಿಕ್ಕಿ ತೊಳೆಯುತ್ತೇವೆ. ಆದರೆ ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ. ಕಣ್ಣಿಗೆ ಕಾಣದೇ ಹೋದರೆ ಶುಚಿಯಾಯಿತು ಎಂದುಕೊಳ್ಳುತ್ತೇವೆ. ಅದೇ ನೀರು ಕೆಲವು ದಿನಗಳ ಬಳಿಕ ಬಾವಿಯ ಮೂಲಕ ಮತ್ತೆ ಅಡುಗೆಮನೆಗೆ ಬರುತ್ತಿದ್ದರೆ?

ನಮ್ಮ ನೆಲದ ಗುಣ

ಕರಾವಳಿಯಲ್ಲಿ ಇದು ಬರೀ ಕಲ್ಪನೆಯ ಮಾತಲ್ಲ. ಗಂಗೊಳ್ಳಿ, ಕಸಬಾ ಬೆಂಗ್ರೆಯಂತಹ ಊರುಗಳನ್ನು ನೋಡಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಮರಳು ನೆಲ. ಸ್ವಲ್ಪ ಒಳಗೆ ಬಂದರೆ ಮುರಕಲ್ಲು. ಮರಳಿನಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಮುರಕಲ್ಲಿನ ಮೈತುಂಬ ತೂತುಗಳು, ಬಿರುಕುಗಳು. ನೆಲ ಕೊಳೆಯನ್ನು ಸೋಸುತ್ತದೆ ಎನ್ನುವುದು ಸ್ವಲ್ಪಮಟ್ಟಿಗೆ ನಿಜ. ಆದರೆ ನೀರು ಬಿರುಕಿನ ದಾರಿ ಹಿಡಿದರೆ ಸೋಸುವಷ್ಟು ಸಮಯವೇ ನೆಲಕ್ಕೆ ಸಿಗುವುದಿಲ್ಲ.

ಮಳೆಗಾಲದಲ್ಲಿ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ನೆಲದಡಿಯ ನೀರು ಮೇಲೇರಿ ಬಾವಿಯಲ್ಲಿ ಕೈಗೆಟಕುವಷ್ಟು ಬರುತ್ತದೆ. ಆಗ ಶೌಚಗುಂಡಿಯೂ ಅದೇ ನೀರಿನಲ್ಲಿ ಮುಳುಗಿ ನಿಂತಿರುತ್ತದೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಇರಬೇಕಾದ ಒಣ ಮಣ್ಣಿನ ಪದರವೇ ಇಲ್ಲವಾಗುತ್ತದೆ. ಮಳೆ ಶುರುವಾದೊಡನೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಕಾಣಿಸಿಕೊಂಡಾಗ ನಾವು ಹವೆಯನ್ನು ದೂರುತ್ತೇವೆ. ಬಾವಿಯ ಕಡೆಗೂ ಒಮ್ಮೆ ನೋಡಬೇಕಾದ ಕಾಲ ಅದು.

ಐದು ಸೆಂಟ್ಸಿನ ಲೆಕ್ಕ

ಕುಡಿಯುವ ನೀರಿನ ಬಾವಿಗೂ ಶೌಚಗುಂಡಿಗೂ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರವಿರಬೇಕೆಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಈಗ ಲೆಕ್ಕ ಹಾಕಿ. ಒಂದು ಸೆಂಟ್ಸ್ ಎಂದರೆ ಸುಮಾರು 435 ಚದರ ಅಡಿ. ಐದು ಸೆಂಟ್ಸಿನ ಚೌಕ ನಿವೇಶನದ ಒಂದು ಬದಿ 47 ಅಡಿಯೂ ತುಂಬುವುದಿಲ್ಲ. ಬಾವಿಯನ್ನು ಒಂದು ಮೂಲೆಗೆ, ಗುಂಡಿಯನ್ನು ಎದುರು ಮೂಲೆಗೆ ಇಟ್ಟರೆ ನಿಮ್ಮದೇ ಗುಂಡಿಯಿಂದ ಹೇಗೋ ಪಾರಾಗಬಹುದು. ಆದರೆ ಆ ಮೂಲೆಯ ಆಚೆ ಬದಿಯಲ್ಲಿ ನೆರೆಮನೆಯವರ ಗುಂಡಿ ಇರುತ್ತದೆ. ನಿಮ್ಮ ಗುಂಡಿಯ ಆಚೆಗೆ ಇನ್ನೊಬ್ಬರ ಬಾವಿ ಇರುತ್ತದೆ. ಹಿಂದೆ ಒಂದು ಬಾವಿ ಇದ್ದ ಹಿತ್ತಿಲು ಅಣ್ಣತಮ್ಮಂದಿರ ನಡುವೆ ಪಾಲಾಗಿ ಇಂದು ನಾಲ್ಕು ಮನೆ, ನಾಲ್ಕು ಗುಂಡಿಗಳಾಗಿವೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕರಾವಳಿಯಲ್ಲಿ ಬಾವಿಯ ಶುಚಿತ್ವ ಒಂದೊಂದು ಮನೆಯ ವಿಷಯವಾಗಿ ಉಳಿದಿಲ್ಲ. ಅದು ನೆರೆಯವರ ಹಕ್ಕಿನ ವಿಷಯ. ನಾವು ಕಾಂಪೌಂಡ್ ಗೋಡೆ ಕಟ್ಟುವುದು ನೆಲದ ಮೇಲೆ ಮಾತ್ರ.

‘ನಮ್ಮ ಗುಂಡಿ ಇಪ್ಪತ್ತು ವರ್ಷದಿಂದ ತುಂಬಿಯೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ದಯವಿಟ್ಟು ಯೋಚಿಸಿ. ಇಪ್ಪತ್ತು ವರ್ಷ ಇಡೀ ಕುಟುಂಬ ಬಳಸಿದ ಗುಂಡಿ ತುಂಬಿಲ್ಲವೆಂದರೆ ಅದರಲ್ಲಿದ್ದದ್ದು ಎಲ್ಲಿಗೆ ಹೋಯಿತು? ತಳವಿಲ್ಲದ ಗುಂಡಿ ಎಂದರೆ ನೆಲದಡಿಗೆ ತೆರೆದಿಟ್ಟ ಚರಂಡಿ. ತಳಕ್ಕೆ ಕಾಂಕ್ರೀಟ್ ಹಾಕಿದ ಸೆಪ್ಟಿಕ್ ಟ್ಯಾಂಕ್ ಇದಕ್ಕಿಂತ ಮೇಲು. ಆದರೆ ಅದೂ ರೋಗಾಣುಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಗಟ್ಟಿ ಹೂಳನ್ನು ಹಿಡಿದಿಟ್ಟು ನೀರನ್ನು ಹೊರಗೆ ಬಿಡುತ್ತದೆ, ಅಷ್ಟೇ. ಆ ನೀರು ಇಂಗುವ ಜಾಗವೂ ಬಾವಿಯಿಂದ ದೂರವಿರಬೇಕು. ಟ್ಯಾಂಕಿನ ಹೂಳನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದ ಗಾಡಿಯಿಂದಲೇ ತೆಗೆಸಬೇಕು. ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಅದು ಪ್ರಾಣಕ್ಕೇ ಅಪಾಯ. ತೆಗೆದ ಹೂಳನ್ನು ಗಾಡಿಯವರು ಎಲ್ಲಿ ಸುರಿಯುತ್ತಾರೆಂದೂ ಕೇಳಿ. ರಾತ್ರಿ ಹೊಳೆಗೆ ಸುರಿದರೆ ನಮ್ಮ ಮನೆಯ ಕೊಳೆ ಇನ್ನೊಬ್ಬರ ಬಾವಿಗೆ, ಮೀನುಗಾರರ ಬಲೆಗೆ ಹೋಯಿತೆಂದೇ ಅರ್ಥ.

‘ನಮ್ಮಲ್ಲಿ ಫಿಲ್ಟರ್ ಇದೆಯಲ್ಲ?’

ಬಾವಿಯ ಮಾತೆತ್ತಿದ ಕೂಡಲೇ ಬರುವ ಉತ್ತರ ಇದು. ಫಿಲ್ಟರ್ ಇಡುವುದು ತಪ್ಪಲ್ಲ. ಆದರೆ ಅದನ್ನೇ ಪರಿಹಾರವೆಂದು ನಂಬುವುದನ್ನು ನಾನು ಒಪ್ಪುವುದಿಲ್ಲ. ಫಿಲ್ಟರಿನ ನೀರು ಕುಡಿಯುವ ಲೋಟಕ್ಕೆ ಮಾತ್ರ. ತರಕಾರಿ, ಪಾತ್ರೆ ತೊಳೆಯುವುದು ಬಾವಿಯ ನೀರಿನಲ್ಲೇ. ಹಲ್ಲುಜ್ಜುವಾಗಲೂ, ದಿನಕ್ಕೆ ಹಲವು ಬಾರಿ ವುಝೂ ಮಾಡುವಾಗಲೂ ಬಾಯಿ ಮುಕ್ಕಳಿಸುವುದು ಅದೇ ನೀರಿನಲ್ಲಿ. ಫಿಲ್ಟರ್ ಕೊಳ್ಳಲಾಗದ ನೆರೆಮನೆಯವರು ಕುಡಿಯುವುದೂ ಅದನ್ನೇ. ಹಣವಿದ್ದವರು ಯಂತ್ರ ತಂದು ಸುಮ್ಮನಾದರೆ ಕೇರಿಯ ನೀರಿನ ಬಗ್ಗೆ ಮಾತನಾಡುವವರೇ ಇಲ್ಲವಾಗುತ್ತಾರೆ.

ಇನ್ನೊಂದು ಸಂಗತಿ. ಮುರಕಲ್ಲಿನ ಬಾವಿಗಳ ನೀರಿನಲ್ಲಿ ಸಾಮಾನ್ಯವಾಗಿ ಲವಣಾಂಶ ಕಡಿಮೆ. ಲವಣ ತೆಗೆಯುವ ಆರ್‌ಓ ಯಂತ್ರ ಅಲ್ಲಿ ಅನಗತ್ಯ. ಅದು ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಓ ಬಳಕೆ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸೂಚಿಸಿತ್ತು. ರೋಗಾಣುಗಳ ಮಟ್ಟಿಗೆ ನೀರನ್ನು ಚೆನ್ನಾಗಿ ಕುದಿಸಿ ಮುಚ್ಚಿಟ್ಟರೆ ಸಾಕು. ಆದರೆ ಗುಂಡಿಯಿಂದ ಬರುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಸುಗೂಸಿಗೆ ಪುಡಿಹಾಲು ಕಲಸಿ ಕೊಡುವುದು ಅಪಾಯ. ಮೊದಲ ಆರು ತಿಂಗಳು ತಾಯಿಹಾಲು ಮಾತ್ರ ಕೊಡಬೇಕೆನ್ನಲು ಇದೂ ಒಂದು ಕಾರಣ.

ಮೋಟಾರು ಮತ್ತು ಉಪ್ಪುನೀರು

ಕಡಲ ಬದಿಯ ಬಾವಿಗೆ ಇನ್ನೊಂದು ಶತ್ರು ಇದೆ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಕಡಲಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕಡಲಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಂತಿರುತ್ತದೆಂಬುದು ಅಂತರ್ಜಲ ತಜ್ಞರ ಲೆಕ್ಕ. ಮೋಟಾರು ಹಾಕಿ ಎಳೆದೆಳೆದು ಆ ಒಂದು ಅಡಿಯನ್ನು ಕಳೆದುಕೊಂಡರೆ ಕೆಳಗಿನಿಂದ ಉಪ್ಪುನೀರು ಏರಿ ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ಬೇಗ ಸಿಹಿಯಾಗುವುದಿಲ್ಲ.

ಇದಕ್ಕೆ ಮದ್ದು ನಮ್ಮ ಮಾಡಿನ ಮೇಲೆಯೇ ಬೀಳುತ್ತಿದೆ. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬೀಳುವಲ್ಲಿ 1,000 ಚದರ ಅಡಿಯ ಮಾಡಿನಿಂದ ಇಳಿಯುವ ನೀರು ಮೂರು ಲಕ್ಷ ಲೀಟರಿಗೂ ಹೆಚ್ಚು. ಮೊದಲ ಮಳೆಗಳ ಕೊಳೆನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಬಾವಿಗೋ ಇಂಗುಗುಂಡಿಗೋ ಬಿಡಬಹುದು. ಆ ಇಂಗುಗುಂಡಿ ಶೌಚಗುಂಡಿಯ ಹತ್ತಿರ ಬೇಡ.

ಈ ವಾರ ಏನು ಮಾಡಬಹುದು?

ಮೊದಲು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಇ-ಕೋಲೈ ರೋಗಾಣು ಒಂದೂ ಇರಬಾರದೆಂದು ಭಾರತೀಯ ಮಾನದಂಡ ಹೇಳುತ್ತದೆ. ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯತ್‌ಗಳಿಗೆ ಪರೀಕ್ಷಾ ಕಿಟ್ ಕೊಡಲಾಗಿದೆ. ಕೇಳುವುದು ನಿಮ್ಮ ಹಕ್ಕು. ಮಳೆಗೆ ಮುನ್ನ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಮಾಡಿಸಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಎರಡನೆಯದು ಬ್ಲೀಚಿಂಗ್ ಪೌಡರ್. ಕಣ್ಣಂದಾಜಿನಲ್ಲಿ ಎಸೆಯಬೇಡಿ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. 1,000 ಲೀಟರಿಗೆ ಒಳ್ಳೆಯ ಪೌಡರ್ 2.5 ಗ್ರಾಂ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಗೆ ಸುಮಾರು 24 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಇಳಿಸಿ ಚೆನ್ನಾಗಿ ಕಲಕಿ. ಕನಿಷ್ಠ ಒಂದು ಗಂಟೆ ನೀರು ಸೇದಬೇಡಿ. ರಾತ್ರಿ ಮಾಡಿದರೆ ಅನುಕೂಲ. ಆದರೆ ಗುಂಡಿ ಸೋರುತ್ತಿರುವವರೆಗೆ ಇದು ತಾತ್ಕಾಲಿಕ ಉಪಾಯ ಮಾತ್ರ ಎಂಬುದು ನೆನಪಿರಲಿ.

ಮೂರನೆಯದು ಕಟ್ಟೆ. ಬಾವಿಗೆ ಎತ್ತರದ ಕಟ್ಟೆ, ಸುತ್ತ ನೀರು ಹೊರಗೆ ಹರಿಯುವಂತೆ ಸಿಮೆಂಟ್ ನೆಲ, ಮೇಲೆ ಬಲೆ ಇರಲಿ. ಬಟ್ಟೆ, ಪಾತ್ರೆ, ಮೀನು ತೊಳೆಯುವುದು ಬಾವಿಕಟ್ಟೆಯ ಬಳಿ ಬೇಡ.

ಜಮಾಅತ್ ಮಾಡಬೇಕಾದದ್ದು

ನೀರಿನ ಮೂಲ, ಜನ ನಡೆಯುವ ದಾರಿ, ಜನ ಕೂರುವ ನೆರಳು, ಈ ಮೂರು ಕಡೆ ಮಲವಿಸರ್ಜನೆಯನ್ನು ಪ್ರವಾದಿ(ಸ) ತಡೆದಿದ್ದಾರೆಂಬುದು ನಮಗೆಲ್ಲ ಗೊತ್ತಿದೆ. ಬಯಲಲ್ಲಿ ಮಾಡಿದರೂ, ತಳವಿಲ್ಲದ ಗುಂಡಿಯ ಮೂಲಕ ತಲುಪಿಸಿದರೂ ನೀರಿಗೆ ಆಗುವ ಹಾನಿ ಒಂದೇ. ಅವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದೂ ಓದಿದ್ದೇವೆ. ಅದು ಲೀಟರಿನ ಬಾಟಲಿಯಲ್ಲಿ ಹಿಡಿಸುವಷ್ಟು ನೀರು. ನಮ್ಮ ಮಸೀದಿಗಳ ನಲ್ಲಿಯಡಿ ಎಷ್ಟು ಹರಿಯುತ್ತಿದೆಯೆಂದು ಒಮ್ಮೆ ಬಕೆಟ್ ಇಟ್ಟು ನೋಡಿ.

ಮಸೀದಿಯ ಬಾವಿಯ ಪರೀಕ್ಷಾ ಫಲಿತಾಂಶವನ್ನು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿದರೆ ಹೇಗೆ? ವುಝೂವಿನ ನೀರನ್ನು ಚರಂಡಿಗೆ ಬಿಡದೆ ತೆಂಗು, ಬಾಳೆಗೆ ತಿರುಗಿಸಬಹುದು. ಕೇರಿಯ ಯುವಕರು ಅಳತೆಯ ಟೇಪು ಹಿಡಿದು ಪ್ರತಿ ಬಾವಿ, ಪ್ರತಿ ಗುಂಡಿಯನ್ನು ಒಂದು ನಕ್ಷೆಯಲ್ಲಿ ಗುರುತಿಸಬಹುದು. ಯಾವ ಗುಂಡಿಯನ್ನು ಮೊದಲು ಸರಿಪಡಿಸಬೇಕೆಂದು ಆ ನಕ್ಷೆಯೇ ಹೇಳುತ್ತದೆ. ಖರ್ಚು ಭರಿಸಲಾಗದ ಮನೆಗೆ ಉಳಿದವರು ಕೈಜೋಡಿಸಲಿ. ಅದು ಆ ಮನೆಗೆ ಮಾಡುವ ಉಪಕಾರವೂ ಹೌದು, ಸುತ್ತಲಿನ ಹತ್ತು ಬಾವಿಗಳ ರಕ್ಷಣೆಯೂ ಹೌದು.

ಒಳಚರಂಡಿ, ಹೂಳು ಸಂಸ್ಕರಣಾ ಘಟಕ, ಶುದ್ಧ ನಲ್ಲಿ ನೀರು, ಇವು ಪಂಚಾಯತ್, ಪುರಸಭೆಗಳ ಹೊಣೆ. ಆ ಹೊಣೆಯಿಂದ ಅವರನ್ನು ಬಿಡುವಂತಿಲ್ಲ. ಆದರೆ ಬರಿಗೈಯಲ್ಲಿ ಹೋಗಿ ದೂರುವುದಕ್ಕೂ ನಲವತ್ತು ಬಾವಿಗಳ ಪರೀಕ್ಷಾ ವರದಿ ಮತ್ತು ಒಂದು ನಕ್ಷೆ ಹಿಡಿದು ಹೋಗುವುದಕ್ಕೂ ವ್ಯತ್ಯಾಸವಿದೆ. ಅಂತಹ ಕಾಗದವನ್ನು ಅಧಿಕಾರಿಗಳು ಬದಿಗಿಡುವುದು ಸುಲಭವಲ್ಲ.

ಹಾಗಾಗಿ ಇಂದು ಅಸ್ರ್ ಬಳಿಕ ಟೇಪು ತೆಗೆದುಕೊಂಡು ಅಂಗಳಕ್ಕೆ ಇಳಿಯಿರಿ. ನಿಮ್ಮ ಗುಂಡಿಯಿಂದ ನಿಮ್ಮ ಬಾವಿಗೆ ಇರುವ ದೂರ ಅಳೆಯಿರಿ. ಆಮೇಲೆ ನೆರೆಮನೆಯವರನ್ನು ಕರೆದು, ನಿಮ್ಮ ಗುಂಡಿಯಿಂದ ಅವರ ಬಾವಿಗೆ ಇರುವ ದೂರವನ್ನೂ ಅಳೆಯಿರಿ.